ಹೆಂಡತಿಗೆ ಗೊತ್ತಾಗದೇ ಇರುತ್ತದೆಯೇ, ಮೇಷ್ಟ್ರೇ?

ಪ್ರಶ್ನೆ: ನಾನು ಬಂಗಾರಪೇಟೆ ಕಡೆಯವನು. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತನಾದ ಮೇಲೆ ಒಂದು ಪತ್ತೇದಾರಿ ಕಾದಂಬರಿ ಬರೆದಿದ್ದೇನೆ. ಮುಳಬಾಗಿಲು ಹತ್ತಿರದ ಒಂದು ಹಳ್ಳಿ. 1910ರ ಆಗಸ್ಟ್‌ನಲ್ಲಿ ಶಾನುಭೋಗರ ಮನೆಯಲ್ಲಿ ಅವಳಿ ಗಂಡುಮಕ್ಕಳು ಹುಟ್ಟುತ್ತವೆ. ಎರಡನೆಯ ಮಗುವನ್ನು ಸೂಲಗಿತ್ತಿ ರಾತ್ರೋರಾತ್ರಿ ಚಿನ್ನದ ಗಣಿಗೆ ಹೊರಟಿದ್ದ ತಮಿಳು ಕೂಲಿ ದಂಪತಿಗೆ ಕೊಟ್ಟುಬಿಡುತ್ತಾಳೆ. 1930ರಲ್ಲಿ ಊರ ಕೆರೆಯಲ್ಲಿ ಒಂದು ಹೆಣ ಸಿಗುತ್ತದೆ. ಮುಖ ಗುರುತು ಸಿಗುವುದಿಲ್ಲ. ಯಾರೋ ಗಣಿ ಕೂಲಿ ಅಂತ ಎಲ್ಲರೂ ನಂಬುತ್ತಾರೆ. ನಿಜವಾಗಿ ಸತ್ತವನು ಊರಲ್ಲಿ ಬೆಳೆದ ಅವಳಿ. ಗಣಿಯ ಅವಳಿ ಅವನ ಜಾಗಕ್ಕೆ ಬಂದು ಮೂವತ್ತು ವರ್ಷ ಶಾನುಭೋಗನಾಗಿ ಬಾಳುತ್ತಾನೆ. 2001ರಲ್ಲಿ ಮೊಮ್ಮಗಳಿಗೆ ಟ್ರಂಕಿನಲ್ಲಿ ಒಂದು ಕಾಗದ ಸಿಗುತ್ತದೆ. ಅವಳಿ ಇದ್ದ ಅನ್ನುವುದನ್ನು ಕೊನೆಯ ಅಧ್ಯಾಯಕ್ಕೆ ಇಟ್ಟಿದ್ದೇನೆ. ಹೆಂಡತಿಗೂ ಆಗಲೇ ಗೊತ್ತಾಗುತ್ತದೆ. ಆದರೆ ಓದಿದ ಮೂವರು ಸ್ನೇಹಿತರೂ ನಾಲ್ಕನೇ ಅಧ್ಯಾಯಕ್ಕೇ ‘ಇದು ಅವಳಿ ಕತೆ ತಾನೆ’ ಅಂದುಬಿಟ್ಟರು. ಎಲ್ಲಿ ತಪ್ಪಿದ್ದೇನೆ ಸರ್?

ಉತ್ತರ: ಮೇಷ್ಟ್ರೇ, ನಿಮ್ಮ ಸ್ನೇಹಿತರು ನಾಲ್ಕನೇ ಅಧ್ಯಾಯಕ್ಕೆ ಹಿಡಿದರು. ನಾನು ಎರಡನೆಯದರಲ್ಲೇ ಹಿಡಿದೆ. ಅದು ನನ್ನ ಜಾಣತನವೇನಲ್ಲ. ಎಂಟು ದಿನ ಊರು ಬಿಟ್ಟು ಹೋಗಿ ಬಂದ ಗಂಡಸು ಎಡಗೈಯಲ್ಲಿ ಚೊಂಬು ಎತ್ತಿದ ಅಂತ ಬರೆದಿದ್ದೀರಿ. ಅಲ್ಲಿಗೆ ಮುಗಿಯಿತು. ಡಬಲ್ ಆ್ಯಕ್ಟಿಂಗ್ ಸಿನಿಮಾ ನೋಡಿಕೊಂಡೇ ಬೆಳೆದವರು ನಾವು. ನಮ್ಮ ಹತ್ತಿರ ಈ ಗುಟ್ಟನ್ನು ಮುನ್ನೂರು ಪುಟ ಬಚ್ಚಿಡೋದು ಆಗದ ಮಾತು.

ಹಾಗಾಗಿ ಬಚ್ಚಿಡಬೇಡಿ. ಮೊದಲ ಪುಟದಲ್ಲೇ ಎರಡು ಮಗು ಹುಟ್ಟಲಿ. ನಿಮ್ಮ ಕತೆ ನಡೆಯುವ ಕಾಲಕ್ಕೇ, 1929ರಲ್ಲಿ, ಇಂಗ್ಲೆಂಡಿನ ಪಾದ್ರಿ ಮತ್ತು ಪತ್ತೇದಾರಿ ಕತೆಗಾರ ರೊನಾಲ್ಡ್ ನಾಕ್ಸ್ ಇಂಥ ಕತೆಗಳಿಗೆ ಹತ್ತು ನಿಯಮ ಹಾಕಿದ್ದ. ಹತ್ತನೆಯದು ನಿಮಗೇ ಬರೆದ ಹಾಗಿದೆ. ಓದುಗನಿಗೆ ಮುಂಚೆಯೇ ಸುಳಿವು ಕೊಡದೆ ಅವಳಿಗಳನ್ನು ಕತೆಯೊಳಗೆ ತರಕೂಡದು ಅನ್ನುತ್ತದೆ ಅದು. ನೂರು ವರ್ಷದ ಹಿಂದೆಯೇ ಈ ಉಪಾಯ ಅಷ್ಟು ಸವೆದುಹೋಗಿತ್ತು.

ಗುಟ್ಟು ಕೊಟ್ಟುಬಿಟ್ಟರೆ ಉಳಿಯುವುದೇನು ಅಂತ ನೀವು ಕೇಳಬಹುದು. ಯಾರಿಗೆ ಗೊತ್ತಿತ್ತು, ಗೊತ್ತಿದ್ದವರು ಯಾಕೆ ಬಾಯಿ ಬಿಡಲಿಲ್ಲ, ಇದು ಉಳಿಯುತ್ತದೆ. ನಿಮ್ಮ ಕಾದಂಬರಿಯ ಜೀವ ಇರುವುದು ಇಲ್ಲಿಯೇ. ನೀವು ಅದನ್ನು ಮುಟ್ಟಿಯೂ ಇಲ್ಲ.

ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ ಅವಳಿ ಅಣ್ಣತಮ್ಮಂದಿರಿದ್ದರು. ನಾವು ಅವರನ್ನು ಗುರುತು ಹಿಡಿಯುತ್ತಿದ್ದುದು ಅಂಗಿಯಿಂದ. ಸ್ಕೂಲಿನಲ್ಲಿ ಒಬ್ಬನ ತಪ್ಪಿಗೆ ಇನ್ನೊಬ್ಬ ಎಷ್ಟೋ ಸಲ ಏಟು ತಿಂದಿದ್ದಾನೆ. ಆದರೆ ಅವರಮ್ಮ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತು ರೊಟ್ಟಿ ತಟ್ಟುತ್ತಿದ್ದರೂ, ಹಿತ್ತಲಿನಿಂದ ಬಂದ ಹೆಜ್ಜೆಯ ಮೇಲೇ ಹೇಳುತ್ತಿದ್ದರು, ‘ಕಾಲು ತೊಳೆಯದೆ ಬಂದೆಯಲ್ಲೋ’ ಅಂತ, ಹೆಸರು ಹಿಡಿದು. ಒಂದು ಸಲವೂ ತಪ್ಪಿದ್ದು ನನಗೆ ನೆನಪಿಲ್ಲ.

ಹತ್ತು ತಿಂಗಳು ಹೊತ್ತವಳಿಗೆ ಗೊತ್ತಾಗುತ್ತದೆ. ಒಂದೇ ಚಾಪೆಯಲ್ಲಿ ಮಲಗಿದವಳಿಗೆ ಗೊತ್ತಾಗುತ್ತದೆ. ನಿಮ್ಮ ಶಾನುಭೋಗನ ಹೆಂಡತಿ ಮೂವತ್ತು ವರ್ಷ ಬೇರೆ ಗಂಡಸಿನ ಜೊತೆ ಸಂಸಾರ ಮಾಡಿ, ನಾಲ್ಕು ಮಕ್ಕಳು ಹೆತ್ತು, ಕೊನೆಯ ಅಧ್ಯಾಯದಲ್ಲಿ ‘ಅಯ್ಯೋ, ನೀವು ಅವರಲ್ಲವೇ!’ ಅನ್ನುತ್ತಾಳೆ. ಕ್ಷಮಿಸಿ, ನನಗೆ ನಗು ಬಂತು. ಆ ಹೆಣ್ಣಿಗೆ ಅನ್ಯಾಯ ಮಾಡಿದ್ದೀರಿ.

ಅವಳಿಗೆ ಮೊದಲ ದಿನವೇ ಗೊತ್ತಾಗಲಿ. ಹೊಸ್ತಿಲಲ್ಲೇ. ಆಮೇಲೆ ನೋಡಿ ಕತೆ ಹೇಗೆ ಎದ್ದು ಕೂರುತ್ತದೆ ಅಂತ. ಇಸವಿ 1930. ಮನೆ ಬ್ರಾಹ್ಮಣರದು. ಅವಳಿಗೆ ನೀವೇ ಕೊಟ್ಟಿರುವ ವಯಸ್ಸು ಹದಿನೇಳು. ‘ಇವನು ನನ್ನ ಗಂಡನಲ್ಲ’ ಅಂದ ಕ್ಷಣವೇ ‘ಹಾಗಾದರೆ ನಿನ್ನ ಗಂಡ ಎಲ್ಲಿ’ ಅನ್ನುವ ಪ್ರಶ್ನೆ ಬರುತ್ತದೆ. ಕೆರೆಯ ಹೆಣ ಯಾರದು ಅಂತ ಗೊತ್ತಾಗುತ್ತದೆ. ಹತ್ತು ದಿನದಲ್ಲಿ ಅವಳ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಒಪ್ಪೊತ್ತಿನ ಊಟಕ್ಕೆ ಮೂಲೆ ತೋರಿಸುತ್ತಾರೆ. ಅವಿಭಕ್ತ ಕುಟುಂಬದಲ್ಲಿ ಗಂಡ ಸತ್ತರೆ ಆಗ ಹೆಂಡತಿಗೆ ಸಿಗುತ್ತಿದ್ದುದು ಬರೀ ಜೀವನಾಂಶ. ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾನೂನು ತಂದು ವಿಧವೆಗೂ ಆಸ್ತಿಯಲ್ಲಿ ಪಾಲು ಕೊಡಲು ದಾರಿ ಮಾಡಿದ್ದು 1933ರಲ್ಲಿ. ಇನ್ನೂ ಮೂರು ವರ್ಷ ಇದೆ. ಅದಕ್ಕೇ ಹೇಳುತ್ತೇನೆ, ನಿಮ್ಮ 1930 ಬಹಳ ಒಳ್ಳೆಯ ಇಸವಿ, ಯಾವ ಕಾರಣಕ್ಕೂ ಬದಲಿಸಬೇಡಿ.

ಹೀಗಿರುವಾಗ ಅವಳು ಏನು ಮಾಡುತ್ತಾಳೆ? ಬಾಗಿಲಲ್ಲಿ ನಿಂತವನ ಮುಖ ನೋಡುತ್ತಾಳೆ. ಅದೇ ಮುಖ. ಕೈ ನೋಡುತ್ತಾಳೆ. ಅಂಗೈ ತುಂಬಾ ಜಡ್ಡು. ಒಳಗೆ ಹೋಗಿ ಕಾಲಿಗೆ ನೀರು ತಂದುಕೊಡುತ್ತಾಳೆ. ಒಂದು ಮಾತೂ ಆಡುವುದಿಲ್ಲ. ನನ್ನ ಮಟ್ಟಿಗೆ ಇಡೀ ಪುಸ್ತಕದ ದೊಡ್ಡ ಘಟನೆ ಅದೇ. ಕೊಲೆ ಅದರ ಮುಂದೆ ಸಣ್ಣದು.

ಇಂಥದು ನಿಜವಾಗಿ ನಡೆದದ್ದೂ ಇದೆ, ಸ್ವಲ್ಪ ತಿರುವುಮುರುವಾಗಿ. ಬಂಗಾಳದ ಭವಾಲ್ ಜಮೀನ್ದಾರಿ ಮನೆಯ ಎರಡನೇ ಕುಮಾರ 1909ರಲ್ಲಿ ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡ ಅಂತ ಸುದ್ದಿ ಬಂತು. 1921ರಲ್ಲಿ ಢಾಕಾದಲ್ಲಿ ಒಬ್ಬ ಸನ್ಯಾಸಿ ಕಾಣಿಸಿಕೊಂಡ. ಅವನೇ ಕುಮಾರ ಅಂದರು ಜನ. ಅಕ್ಕ ಒಪ್ಪಿದಳು. ಹೆಂಡತಿ ಕಡೆಯವರೆಗೂ ಒಪ್ಪಲಿಲ್ಲ. 1930ರಲ್ಲಿ ದಾವೆ ಬಿತ್ತು. ಹೌದು, ನಿಮ್ಮ ಇಸವಿಯೇ. ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ವಿಚಾರಣೆಯಾಯಿತು. ಮೈಮೇಲಿನ ಕಲೆ, ಗಾಯದ ಗುರುತು, ಕಾಲಿನ ಚರ್ಮ ಎಲ್ಲವೂ ಕೋರ್ಟಿನಲ್ಲಿ ಚರ್ಚೆಗೆ ಬಂದವು. 1936ರಲ್ಲಿ ಸನ್ಯಾಸಿಯ ಪರ ತೀರ್ಪಾಯಿತು. 1946ರಲ್ಲಿ ಆಗ ನಮಗೆ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಊರೆಲ್ಲ ಹೌದು ಅಂದಾಗ ಹೆಂಡತಿ ಅಲ್ಲ ಅಂದಳು. ನಿಮ್ಮಲ್ಲಿ ಹೆಂಡತಿ ಮನಸ್ಸಿನಲ್ಲಿ ಅಲ್ಲ ಅಂದುಕೊಂಡು ಬಾಯಲ್ಲಿ ಹೌದು ಅನ್ನಬೇಕು.

ಆ ಕಾಲದ ಪತ್ರಿಕೆಗಳಲ್ಲಿ ಈ ಕೇಸಿಗೆ ದೊಡ್ಡ ಪ್ರಚಾರ ಇತ್ತು. 1936ರ ತೀರ್ಪಿನ ಸುದ್ದಿಯನ್ನು ನಿಮ್ಮ ಶಾನುಭೋಗ ಜಗಲಿ ಮೇಲೆ ಕೂತು ಊರವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಾನೆ ಅಂದುಕೊಳ್ಳಿ. ಒಳಗೆ ಅವಳು ಕೇಳಿಸಿಕೊಳ್ಳುತ್ತಿದ್ದಾಳೆ. ಹಾಗೇ ಬಿಟ್ಟುಬಿಡಿ, ವಿವರಿಸಬೇಡಿ.

ಒಂದು ನಿಮಿಷ, ಅವನಿಗೆ ಓದಲು ಬರುತ್ತದೆಯೇ? ಗಣಿಯ ಲೈನುಗಳಲ್ಲಿ, ಅಂದರೆ ಕೂಲಿಗಳ ಸಾಲುಮನೆಗಳಲ್ಲಿ, ಬೆಳೆದ ಹುಡುಗ ಕನ್ನಡದ ಮೋಡಿ ಬರಹ, ಆ ಕೂಡಕ್ಷರದ ಕೈಬರಹ, ಓದಿ ಕಂದಾಯದ ಲೆಕ್ಕ ಬರೆದದ್ದು ಹೇಗೆ? ನೀವು ‘ಜ್ವರ ಬಂದು ನೆನಪು ಹೋಗಿತ್ತು’ ಅಂತ ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಇದು ಸಿನಿಮಾ ಚಾಳಿ, ಬಿಟ್ಟುಬಿಡಿ. ಬದಲಿಗೆ ಯಾರೋ ಕಲಿಸಬೇಕು. ಸಂಧ್ಯಾವಂದನೆಯಿಂದ ಹಿಡಿದು ಖಾತೆ ಪುಸ್ತಕದವರೆಗೆ, ರಾತ್ರಿ ಹೊತ್ತು, ಬಾಗಿಲು ಹಾಕಿಕೊಂಡು. ಕಲಿಸುವವಳು ತಾಯಿಯೇ ಆಗಿರಲಿ. ಕೊಟ್ಟುಬಿಟ್ಟ ಮಗ ಇಪ್ಪತ್ತು ವರ್ಷದ ಮೇಲೆ ಬಂದಿದ್ದಾನೆ. ಇನ್ನೊಬ್ಬನ ಸಾವಿಗೆ ಗಟ್ಟಿಯಾಗಿ ಅಳುವ ಹಾಗಿಲ್ಲ. ಬಂದವನಿಗೆ ಆಚಮನ ಮಾಡುವುದನ್ನು ಹೇಳಿಕೊಡುತ್ತಿದ್ದಾಳೆ. ಇದಕ್ಕಿಂತ ಕುಟುಂಬದ ಗುಟ್ಟು ಇನ್ನೇನು ಬೇಕು?

ಇನ್ನೂ ಒಂದಿದೆ, ನೀವು ಅದರ ಹತ್ತಿರ ಬಂದು ಪಕ್ಕಕ್ಕೆ ಸರಿದಿದ್ದೀರಿ. ಈ ಹುಡುಗ ಬೆಳೆದದ್ದು ಯಾರ ಮನೆಯಲ್ಲಿ, ಯಾರ ಕೈಯ ಅನ್ನ ತಿಂದು? ಕೂಲಿ ದಂಪತಿಯ ಜಾತಿಯನ್ನು ನೀವು ಎಲ್ಲೂ ಹೇಳಿಲ್ಲ. ಗಣಿಗೆ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಕೂಲಿಗಳಲ್ಲಿ ಹೆಚ್ಚಿನವರು ದಲಿತರು. ಅಂಥ ಮನೆಯಲ್ಲಿ ಬೆಳೆದವನು ಮೂವತ್ತು ವರ್ಷ ಆ ಊರಿನ ದೇವಸ್ಥಾನದಲ್ಲಿ ಮೊದಲ ತೀರ್ಥ ತೆಗೆದುಕೊಂಡ. ಊರಿಗೆ ಗೊತ್ತಾದರೆ ಕೊಲೆಗಿಂತ ದೊಡ್ಡ ಗಲಾಟೆ ಇದಕ್ಕೇ ಆಗುತ್ತಿತ್ತು. ಟ್ರಂಕಿನ ಕಾಗದವನ್ನು ಅಷ್ಟು ವರ್ಷ ಯಾಕೆ ಯಾರೂ ಹೊರಗೆ ತೆಗೆಯಲಿಲ್ಲ ಅನ್ನುವುದಕ್ಕೆ ನಿಮಗೆ ಕಾರಣ ಸಿಕ್ಕಿರಲಿಲ್ಲ, ಅಲ್ವಾ? ಕಾರಣ ಇದು. ಜೊತೆಗೆ ಸಾಕಿದ ತಾಯಿಯೂ ಇದ್ದಾಳಲ್ಲ. ಗಣಿಯಲ್ಲಿ ಮಗನಿಗಾಗಿ ಕಾಯುತ್ತಾ ಕೂತವಳು. ಅವಳಿಗೆ ನಿಮ್ಮ ಪುಸ್ತಕದಲ್ಲಿ ಎರಡೇ ಸಾಲು ಸಿಕ್ಕಿದೆ. ಒಂದಿಡೀ ಅಧ್ಯಾಯ ಕೊಡಿ.

ಆಸ್ತಿಯ ವಿಷಯದಲ್ಲಿ ಒಂದು ತಪ್ಪು ತಿದ್ದಬೇಕು. ‘ಮೊದಲು ಹುಟ್ಟಿದವನಿಗೇ ಎಲ್ಲಾ ಆಸ್ತಿ’ ಅನ್ನುವುದು ಇಂಗ್ಲೆಂಡಿನ ಜಮೀನ್ದಾರರ ಪದ್ಧತಿ. ನಮ್ಮಲ್ಲಿ ಆ ಕಾಲಕ್ಕೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಇತ್ತು. ಹತ್ತು ನಿಮಿಷ ಮುಂಚೆ ಹುಟ್ಟಿದ್ದಕ್ಕೆ ಗುಂಟೆ ಜಾಸ್ತಿ ಸಿಗುವುದಿಲ್ಲ. ಶಾನುಭೋಗಿಕೆ ಮಾತ್ರ ಬೇರೆ. ವಂಶಪಾರಂಪರ್ಯವಾಗಿ ಬಂದರೂ ಕೂತು ಲೆಕ್ಕ ಬರೆಯುವವನು ಒಬ್ಬನೇ. 1961ರ ಕಾಯಿದೆ ಬಂದು ಗ್ರಾಮದ ಈ ಹುದ್ದೆಗಳೆಲ್ಲ ರದ್ದಾಗುವ ತನಕ ಅದು ಮನೆತನದ ಮರ್ಯಾದೆ. ನಿಮ್ಮವನ ಮೂವತ್ತು ವರ್ಷ ಅಲ್ಲಿಗೆ ಸರಿಯಾಗಿ ಮುಗಿಯುತ್ತದೆ. ನೀವು ಯೋಚಿಸಿ ಮಾಡಿದ್ದೋ ತಾನಾಗಿ ಆದದ್ದೋ, ಚೆನ್ನಾಗಿದೆ.

ಹಳೆಯ ಹಿಂದೂ ಕಾನೂನಿನಲ್ಲಿ ಮಗುವನ್ನು ದತ್ತು ಕೊಡುವ ಅಧಿಕಾರ ಇದ್ದುದು ಹೆತ್ತವರಿಗೆ ಮಾತ್ರ. ಸೂಲಗಿತ್ತಿ ಕತ್ತಲಲ್ಲಿ ಎತ್ತಿಕೊಟ್ಟರೆ ಅದು ದತ್ತು ಆಗುವುದಿಲ್ಲ. ಸರಿಯಾಗಿ ದತ್ತು ಹೋಗಿದ್ದರೆ ಹುಟ್ಟಿದ ಮನೆಯ ಪಾಲು ತಪ್ಪುತ್ತಿತ್ತು. ಇವನಿಗೆ ತಪ್ಪಿಲ್ಲ. ಅಂದರೆ ಊರಿಗೆ ಬಂದು ಕೂತವನು ಆಸ್ತಿಯ ಮಟ್ಟಿಗೆ ಮೋಸಗಾರನೇ ಅಲ್ಲ, ಅವನ ಪಾಲೇ ಅದು. ಕದ್ದದ್ದು ಅಣ್ಣನ ಹೆಸರು ಮಾತ್ರ. ಮೊಮ್ಮಗಳು ವಕೀಲೆ ಅಂತ ಬರೆದಿದ್ದೀರಿ. ಈ ಮಾತು ಅವಳ ಬಾಯಲ್ಲೇ ಬರಲಿ.

ಅಣ್ಣ ಯಾರು, ತಮ್ಮ ಯಾರು ಅನ್ನುವುದೂ ನೀವು ತಿಳಿದಷ್ಟು ಸುಲಭ ಇಲ್ಲ. ಭಾಗವತದಲ್ಲಿ ಹಿರಣ್ಯಾಕ್ಷ, ಹಿರಣ್ಯಕಶಿಪು ಅವಳಿಗಳು. ಗರ್ಭದಲ್ಲಿ ಮೊದಲು ನಿಂತವನು ಒಬ್ಬ, ಮೊದಲು ಹೊರಬಂದವನು ಇನ್ನೊಬ್ಬ. ಈ ಲೆಕ್ಕ ಹಿಡಿದು, ಆಮೇಲೆ ಹುಟ್ಟಿದವನೇ ದೊಡ್ಡವನು ಅನ್ನುವ ಹಿರಿಯರಿದ್ದರು. ನಿಮ್ಮ ಕತೆಯ ಅಜ್ಜ ಶಾಸ್ತ್ರ ಓದಿದವನು. ಹಾಗಾದರೆ ಕೊಟ್ಟುಬಿಟ್ಟದ್ದು ದೊಡ್ಡವನನ್ನೋ ಚಿಕ್ಕವನನ್ನೋ? ಆ ಮುದುಕ ಸಾಯುವವರೆಗೂ ಇದನ್ನೇ ಕೊರೆದುಕೊಂಡು ಒದ್ದಾಡಲಿ.

ಈಗ ಮೈಯ ವಿಚಾರ. ‘ಈ ವಂಶದಲ್ಲಿ ಅವಳಿ ಹುಟ್ಟುವುದು ವಾಡಿಕೆ’ ಅಂತ ಸುಳಿವು ಕೊಟ್ಟಿದ್ದೀರಿ. ವಂಶದಲ್ಲಿ ಬರುವುದು ಎರಡು ಅಂಡದಿಂದ ಹುಟ್ಟುವ ಅವಳಿಗಳು. ಅವರು ಬರೀ ಅಣ್ಣತಮ್ಮಂದಿರಷ್ಟೇ ಹೋಲುತ್ತಾರೆ. ನಿಮ್ಮವರ ಹಾಗೆ ತದ್ರೂಪಿಗಳಾಗುವುದು ಒಂದೇ ಅಂಡ ಒಡೆದು ಎರಡಾದಾಗ. ಅದು ಸಾವಿರ ಹೆರಿಗೆಯಲ್ಲಿ ಮೂರೋ ನಾಲ್ಕೋ, ಯಾವ ಮನೆಯಲ್ಲಾದರೂ ಆಗಬಹುದು. ವಂಶದ ಮಾತನ್ನು ಹೊಡೆದುಹಾಕಿ.

ಒಂದೇ ಅಂಡದ ಅವಳಿಗಳಿಗೂ ಬೆರಳಚ್ಚು ಬೇರೆ ಬೇರೆ. ಬೆರಳಿನ ಗೆರೆ ಮೂಡುವುದು ಗರ್ಭದಲ್ಲಿ ಮೂರು ನಾಲ್ಕನೇ ತಿಂಗಳ ಹೊತ್ತಿಗೆ. ಮಗು ಹೊಟ್ಟೆಯಲ್ಲಿ ಎಲ್ಲಿ ಕೂತಿದೆ, ಬೆರಳಿಗೆ ಎಷ್ಟು ಒತ್ತಡ ಬಿತ್ತು ಅನ್ನುವುದೂ ಆ ಗೆರೆಗಳನ್ನು ತಿದ್ದುತ್ತದೆ. ಇದು ಆ ಕಾಲಕ್ಕೆ ಹೊಸ ವಿದ್ಯೆಯೂ ಅಲ್ಲ. ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಶುರುವಾದದ್ದು 1897ರಲ್ಲಿ, ಪ್ರಪಂಚಕ್ಕೇ ಮೊದಲು.

ನೀವು ಬಂಗಾರಪೇಟೆಯವರಾಗಿಯೂ ಇದನ್ನು ಬಿಟ್ಟಿರುವುದು ನನಗೆ ಆಶ್ಚರ್ಯ. 1930ರಲ್ಲೇ ಗಣಿಯಲ್ಲಿ ದೊಡ್ಡ ಮುಷ್ಕರ ಆಯಿತಲ್ಲ. ಕೂಲಿಗಳನ್ನೆಲ್ಲ ನೋಂದಾಯಿಸಿ ಬೆರಳಚ್ಚು ತೆಗೆದುಕೊಳ್ಳುತ್ತೇವೆ ಅಂತ ಕಂಪನಿ ಹೊರಟದ್ದಕ್ಕೇ ಸಾವಿರಾರು ಜನ ಕೆಲಸ ನಿಲ್ಲಿಸಿದ್ದು. ನಮ್ಮನ್ನೇನು ಕಳ್ಳರ ಹಾಗೆ ಅಚ್ಚು ಹಾಕಿಸುತ್ತೀರಾ ಅನ್ನುವ ಸಿಟ್ಟು ಅದು. ಅವಳಿ ಕತೆ, ಬೆರಳಚ್ಚಿನ ಗಲಾಟೆ, ಒಂದೇ ಊರು, ಒಂದೇ ಇಸವಿ. ಕಾದಂಬರಿಕಾರನಿಗೆ ಇಷ್ಟು ಅದೃಷ್ಟ ದಿನಾ ಸಿಗುವುದಿಲ್ಲ, ಮೇಷ್ಟ್ರೇ. ನೀವು 1930 ಅಂತ ಬರೆದು ಮುಷ್ಕರದ ಹೆಸರೇ ಎತ್ತಿಲ್ಲ.

ಹೇಗೆ ಬಳಸುವುದು? ಬೆರಳಚ್ಚಿನಿಂದ ಗುರುತು ಸಿಗಬೇಕಾದರೆ ಹೋಲಿಸಲು ಇನ್ನೊಂದು ಅಚ್ಚು ಬೇಕು. ಹುಡುಗ ಮೊದಲೇ ಎಲ್ಲೋ ಹೆಬ್ಬೆಟ್ಟು ಒತ್ತಿರಲಿ. ಸಾಕಿದ ತಂದೆಯ ಕಾಯಿಲೆಗೆ ಗಣಿ ಪಕ್ಕದ ಮಾರಿಕುಪ್ಪದ ಒಬ್ಬ ಸಾಹುಕಾರನ ಹತ್ತಿರ ಸಾಲ ಮಾಡಿ ಪತ್ರಕ್ಕೆ ಒತ್ತಿದ್ದು. ಆ ಪತ್ರ ಟ್ರಂಕಿಗೆ ಹೇಗೆ ಬಂತು ಅನ್ನುವುದನ್ನು ನೀವೇ ಹೆಣೆಯಿರಿ. ಮೊಮ್ಮಗಳ ಕೈಯಲ್ಲಿ ಎರಡು ಕಾಗದ. ಒಂದರಲ್ಲಿ ಗಣಿ ಕೂಲಿಯ ಹೆಬ್ಬೆಟ್ಟು. ಇನ್ನೊಂದರಲ್ಲಿ ವರ್ಷಗಳ ಮೇಲೆ ಕ್ರಯಪತ್ರ ಮಾಡುವಾಗ ಸಬ್ ರಿಜಿಸ್ಟ್ರಾರ್ ಮುಂದೆ ತಾತ ಒತ್ತಿದ ಹೆಬ್ಬೆಟ್ಟು. ಗೆರೆ ಒಂದೇ.

ಆಗ ಸತ್ತವನು ಕೂಲಿಯಲ್ಲ ಅಂತ ಸಾಬೀತಾಗುತ್ತದೆ. ಆದರೆ ಕಣ್ಣಿದ್ದವನಿಗೆ ಅದು 1930ರಲ್ಲೇ ಗೊತ್ತಾಗಬೇಕಿತ್ತು. ಕೆರೆಯ ಹೆಣದ ಮುಖ ಕೆಟ್ಟಿತ್ತು, ಸರಿ. ಕೈಯಿತ್ತಲ್ಲ! ನಿಮ್ಮ ಪೊಲೀಸ್ ಅಮಲ್ದಾರ ಅಂಗೈ ತಿರುಗಿಸಿ ನೋಡಲೇ ಇಲ್ಲ. ಗಣಿಯಲ್ಲಿ ಬಂಡೆ ಕೊರೆದವನ ಕೈಗೆ ಜಡ್ಡು ಇರುತ್ತದೆ, ಗಾಯದೊಳಗೆ ಕಲ್ಲುದೂಳು ಸೇರಿ ನೀಲಿಗಟ್ಟಿದ ಗುರುತು ಇರುತ್ತದೆ. ಲೆಕ್ಕ ಬರೆಯುವವನ ಕೈ ಮೆತ್ತಗೆ, ಹೆಚ್ಚೆಂದರೆ ನಡುಬೆರಳಲ್ಲಿ ಲೇಖನಿಯ ಗಂಟು. ಕೂಲಿಯ ಬಟ್ಟೆ ತೊಟ್ಟ ಹೆಣಕ್ಕೆ ಗುಮಾಸ್ತನ ಕೈ. ಇದನ್ನು ಹೆಣ ಎತ್ತಿದ ತೋಟಿ ಗಮನಿಸಲಿ. ಅವನನ್ನು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಸುಮ್ಮನಿದ್ದವರ ಪಟ್ಟಿಗೆ ಇನ್ನೊಬ್ಬ ಸೇರಿದ.

ಹುಟ್ಟಿದಾಗ ಒಂದೇ ಅಚ್ಚು, ಆದರೆ ಇಪ್ಪತ್ತು ವರ್ಷ ಬಾಳಿದ ಮೇಲೆ ಮೈ ಎರಡಾಗಿರುತ್ತದೆ. ಗಣಿಯವನಿಗೆ ಸಿಲಿಕಾ ದೂಳು ಎದೆಗೆ ಕೂತಿರುತ್ತದೆ. ಊರಿಗೆ ಬಂದ ಮೇಲೂ ವರ್ಷದಿಂದ ವರ್ಷಕ್ಕೆ ಕೆಮ್ಮು ಜಾಸ್ತಿಯಾಗಲಿ. ಹೆಂಡತಿ ಅದಕ್ಕೆ ಶುಂಠಿ ಕಷಾಯ ಮಾಡಿಕೊಡುತ್ತಾ ಬೇರೆಯವರಿಗೆ ‘ಇವರಿಗೆ ಮೊದಲಿಂದಲೂ ಶೀತದ ಮೈ’ ಅನ್ನಲಿ. ಎಡಗೈ ಚೊಂಬಿಗಿಂತ ಇದು ಎಷ್ಟೋ ವಾಸಿ.

ಅದಕ್ಕಿಂತ ಒಳ್ಳೆಯ ಸುಳಿವು ನಿಮ್ಮ ಸೀಮೆಯ ನಾಲಿಗೆಯಲ್ಲೇ ಇದೆ. ಮುಳಬಾಗಿಲು ಕಡೆ ಎಷ್ಟೋ ಮನೆಗಳ ಮಾತು ತೆಲುಗು, ಬರವಣಿಗೆ ಕನ್ನಡ. ಗಣಿಯ ಲೈನುಗಳಲ್ಲಿ ತಮಿಳು. ನಿಮ್ಮ ಶಾನುಭೋಗರದು ತೆಲುಗು ಮನೆ ಅಂತ ನೀವೇ ಬರೆದಿದ್ದೀರಿ. ಬಂದವನು ಮಾತು ಕಲಿಯುತ್ತಾನೆ, ಬಿಡಿ, ಗಣಿಯಲ್ಲಿ ಬೆಳೆದವರಿಗೆ ನಾಲ್ಕು ಭಾಷೆ ಕಷ್ಟವಲ್ಲ. ಆದರೆ ಎಣಿಕೆ ಬದಲಾಗುವುದಿಲ್ಲ. ಮನುಷ್ಯ ಯಾವ ಭಾಷೆಯಲ್ಲಿ ಎಣಿಸಲು ಕಲಿತನೋ ಕೈ ಕೆಲಸದಲ್ಲಿದ್ದಾಗ ಅದರಲ್ಲೇ ಎಣಿಸುತ್ತಾನೆ.

ಸಂಕ್ರಾಂತಿ ಹೊತ್ತು, ಕಣದಲ್ಲಿ ರಾಗಿ ಅಳೆಯುತ್ತಿದ್ದಾರೆ. ಇವನು ಪಕ್ಕದಲ್ಲಿ ನಿಂತು ಕೊಳಗ ಎಣಿಸುತ್ತಿದ್ದಾನೆ. ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಕನ್ನಡ, ತೆಲುಗು, ತಮಿಳು ಮೂರರಲ್ಲೂ ಲಾಭವೇ. ಹಾಗಾಗಿ ಮೊದಲನೆಯದರಲ್ಲಿ ಬಚಾವು. ಎರಡಕ್ಕೆ ತೆಲುಗಿನವರು ‘ರೆಂಡು’ ಅನ್ನುತ್ತಾರೆ. ಆಡುಮಾತಿನ ತಮಿಳಿನಲ್ಲೂ ‘ರೆಂಡು’. ಅಲ್ಲೂ ಬಚಾವು. ಮೂರನೆಯ ಕೊಳಗಕ್ಕೆ ತೆಲುಗಾದರೆ ‘ಮೂಡು’, ತಮಿಳಾದರೆ ‘ಮೂಣು’. ಅವನ ಬಾಯಿಂದ ಮೂಣು ಬಿದ್ದುಬಿಡಲಿ. ಅಳೆಯುತ್ತಿದ್ದ ಒಕ್ಕಲಿನವನ ಕೈ ಅರೆಕ್ಷಣ ನಿಲ್ಲಲಿ. ಆಮೇಲೆ ಅವನೇ ‘ಮೂಡು, ಸ್ವಾಮಿ’ ಅಂತ ತಿದ್ದಿ ಮುಂದಕ್ಕೆ ಅಳೆಯಲಿ. ಅವನು ಯಾಕೆ ತಿದ್ದಿದ, ಅದಕ್ಕೆ ಅವನಿಗೆ ಎಷ್ಟು ಕೊಳಗ ಉಳಿಯಿತು ಅನ್ನುವುದು ನಿಮ್ಮ ಹನ್ನೊಂದನೇ ಅಧ್ಯಾಯ. ಈಗಿರುವ ಹನ್ನೊಂದನೇ ಅಧ್ಯಾಯ, ಆ ಕುದುರೆ ಗಾಡಿಯ ಬೆನ್ನಟ್ಟುವಿಕೆ, ಬೇಡವೇ ಬೇಡ.

ಸೂಲಗಿತ್ತಿಯ ಮಾತು ಬಂದಾಗ ನನಗೆ ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರ ನೆನಪಾಗುತ್ತದೆ. ಕೂಲಿ ಪಡೆಯದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಡಿಸೆಂಬರ್‌ನಲ್ಲೇ ತೀರಿಕೊಂಡರು. ಅಂಥ ಕೈಯವರಿಗೆ ಹೊಟ್ಟೆ ಮುಟ್ಟಿದರೆ ಮಗು ಎಲ್ಲಿದೆ, ಒಂದೋ ಎರಡೋ ಅಂತ ತಿಳಿಯುತ್ತಿತ್ತು. ನಿಮ್ಮ ಸೂಲಗಿತ್ತಿ ಎರಡನೇ ಮಗು ಕಂಡು ‘ಬೆಚ್ಚಿಬಿದ್ದಳು’ ಅಂತಿದೆ. ಅವಳು ಬೆಚ್ಚಬಾರದು. ಅವಳಿಗೆ ತಿಂಗಳ ಹಿಂದೆಯೇ ಗೊತ್ತು. ಹಾಗಾದರೆ ಕೊಟ್ಟುಬಿಡುವ ತೀರ್ಮಾನವೂ ಅವತ್ತಿನದಲ್ಲ, ಯಾರೋ ಮೊದಲೇ ಮಾತಾಡಿದ್ದಾರೆ.

ಯಾಕೆ ಕೊಟ್ಟರು? ‘ಜ್ಯೋತಿಷಿ ಹೇಳಿದ’ ಅನ್ನುವುದು ಸಾಲದು. ಹುಟ್ಟನ್ನು ಮೂರು ತಿಂಗಳು ಹಿಂದಕ್ಕೆ ತನ್ನಿ. 1910ರ ಮೇ ತಿಂಗಳಲ್ಲಿ ಹ್ಯಾಲಿ ಧೂಮಕೇತು ಬರಿಗಣ್ಣಿಗೆ ಕಾಣುತ್ತಿತ್ತು. ಭೂಮಿ ಅದರ ಬಾಲದೊಳಗೆ ಹಾಯುತ್ತದೆ ಅಂತ ಪ್ರಪಂಚವೇ ಹೆದರಿದ ದಿನಗಳು. ಆಕಾಶದಲ್ಲಿ ಬಾಲಚುಕ್ಕಿ, ಮನೆಯಲ್ಲಿ ಎರಡು ಮಗು. ಶಾಸ್ತ್ರ ಓದಿದ ಅಜ್ಜನಿಗೆ ಇಷ್ಟು ಸಾಕು.

ಆ ಅಜ್ಜ ಕಾಗದದಲ್ಲಿ ‘12-8-1910’ ಅಂತಲೂ ಬರೆಯುವುದಿಲ್ಲ. ಮನೆಯ ಖಾಸಗಿ ಕಾಗದಕ್ಕೆ ಅವನು ಬರೆಯುವುದು ‘ಸಾಧಾರಣ ಸಂವತ್ಸರದ ವೈಶಾಖ ಶುದ್ಧ’ ಅಂತ, ಗಳಿಗೆ ವಿಗಳಿಗೆ ಸಮೇತ. ಇದು ನಿಮಗೆ ಪುಕ್ಕಟೆ ಸಿಕ್ಕ ಒಗಟು. ಅರವತ್ತು ವರ್ಷಕ್ಕೊಮ್ಮೆ ಅದೇ ಸಂವತ್ಸರ ತಿರುಗಿ ಬರುತ್ತದೆ. 1910 ಸಾಧಾರಣ, 1970 ಕೂಡ ಸಾಧಾರಣ. ಮೊಮ್ಮಗಳು ಹುಟ್ಟಿದ್ದು 1970ರಲ್ಲಿ ಅಂತಲೇ ಇದೆಯಲ್ಲ ನಿಮ್ಮಲ್ಲಿ! ಟ್ರಂಕಿನಲ್ಲಿ ಜಾತಕ ಸಿಕ್ಕಾಗ ಅದು ತನ್ನದೇ ಅಂದುಕೊಳ್ಳಲಿ. ಗಳಿಗೆ ಎರಡು ಕಡೆ ಬರೆದಿದೆ, ಒಂದನ್ನು ಹೊಡೆದುಹಾಕಿದೆ. ಒಂದು ಗಳಿಗೆ ಅಂದರೆ ಇಪ್ಪತ್ನಾಲ್ಕು ನಿಮಿಷ. ಮೊದಲು ಅಜ್ಜ ಕೈತಪ್ಪಿ ಬರೆದದ್ದು ಅನ್ನಿಸಲಿ. ನಂತರ ‘ನನಗೂ ಒಬ್ಬಳು ಅವಳಿ ಇದ್ದಳೇ’ ಅನ್ನುವ ಭಯ ಹತ್ತಲಿ. ಐವತ್ತು ಪುಟ ಅವಳು ತಪ್ಪು ದಾರಿಯಲ್ಲಿ ಹುಡುಕಲಿ. ಓದುಗನಿಗೆ 1910ರ ಅವಳಿ ಗೊತ್ತು, ಅವಳಿಗೆ ಗೊತ್ತಿಲ್ಲ. ಬಚ್ಚಿಡಬೇಡಿ ಅಂತ ನಾನು ಮೊದಲೇ ಹೇಳಿದ್ದು ಇದಕ್ಕೇ.

ಸಣ್ಣಪುಟ್ಟವು ಬೇಗ ಹೇಳಿಬಿಡುತ್ತೇನೆ. 1930ರಲ್ಲಿ ‘ಚಿಕ್ಕಬಳ್ಳಾಪುರ ಜಿಲ್ಲೆಗೆ’ ಯಾರೂ ಹೋಗುವಂತಿಲ್ಲ, ಆ ಜಿಲ್ಲೆ ಆದದ್ದು 2007ರಲ್ಲಿ, ಆಗ ಎಲ್ಲ ಕೋಲಾರವೇ. ನಿಮ್ಮ ಬಂಗಾರಪೇಟೆ ಸ್ಟೇಷನ್ನಿನ ಬೋರ್ಡಿನಲ್ಲಿ ಆಗಿನ ಹೆಸರು, ಬೌರಿಂಗ್‌ಪೇಟೆ ಅಂತಿರಲಿ. ಕೂಲಿಗೆ ‘ಐವತ್ತು ಪೈಸೆ’ ಕೊಡಬೇಡಿ, ಎಂಟಾಣೆ ಕೊಡಿ, ನಯಾ ಪೈಸೆ ಬಂದದ್ದು 1957ರಲ್ಲಿ. ಶಿವನಸಮುದ್ರದ ಕರೆಂಟು ಗಣಿಗೆ 1902ರಲ್ಲೇ ಬಂತು ನಿಜ, ಅಂದಮಾತ್ರಕ್ಕೆ ನಿಮ್ಮ ಹಳ್ಳಿಯ ಜಗಲಿಯಲ್ಲಿ ಬಲ್ಬು ಉರಿಯುವುದಿಲ್ಲ, ಬುಡ್ಡಿ ದೀಪ ಇಡಿ. ಇನ್ನು ಆ ‘ಸೈನೈಡ್ ಗುಡ್ಡದ ಮಣ್ಣು ತಂದು ಹಾಲಿಗೆ ಬೆರೆಸಿದ’ ಅನ್ನುವ ಕೊಲೆ! ಗುಡ್ಡದಲ್ಲಿರುವುದು ಚಿನ್ನ ತೆಗೆದುಳಿದ ಗಿರಣಿಯ ಪುಡಿ. ಹಿಡಿ ಮಣ್ಣು ಹಾಲಿಗೆ ಹಾಕಿದರೆ ಹಾಲು ಕೆಸರಾಗುತ್ತದೆ, ಕುಡಿಯುವವನು ಉಗಿಯುತ್ತಾನೆ. ಸೈನೈಡೇ ಬೇಕೆಂದರೆ ಕಾರ್ಖಾನೆಯ ಒಳಗಿಂದ ಯಾರಾದರೂ ತರಬೇಕು. ಅಷ್ಟೆಲ್ಲ ಯಾಕೆ, ಕೆರೆ ಇದೆಯಲ್ಲ.

2001 ಚೆನ್ನಾಗಿದೆ. ಆ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವತ್ತೇ ಟ್ರಂಕು ತೆರೆಯಲಿ. ಒತ್ತಿ ಹೇಳಬೇಡಿ, ರೇಡಿಯೋದಲ್ಲಿ ಸುದ್ದಿ ಬಂದರೆ ಸಾಕು.

ಕೊನೆಗೆ ಮುಳಬಾಗಿಲು ಕಡೆಯ ಆವನಿ ಬೆಟ್ಟ. ನಿಮ್ಮ ಹಳ್ಳಿಯಿಂದ ಬೆಟ್ಟ ಕಾಣುತ್ತದೆ ಅಂತ ನೀವೇ ಬರೆದಿದ್ದೀರಿ. ಆದರೆ ಇಡೀ ಪುಸ್ತಕದಲ್ಲಿ ಆವನಿ ಬರುವುದು ಒಂದು ಸಲ, ಬಸ್ಸು ನಿಲ್ಲುವ ಜಾಗವಾಗಿ. ಸೀತೆ ಲವಕುಶರನ್ನು ಹೆತ್ತದ್ದು ಅಲ್ಲೇ ಅಂತ ನಿಮ್ಮ ಸೀಮೆಯವರೆಲ್ಲ ನಂಬುತ್ತಾರೆ, ಬೆಟ್ಟದ ಮೇಲೆ ಸೀತಮ್ಮನ ಗುಡಿ ಇದೆ. ಹಳೆಯ ಕತೆಯೊಂದರಲ್ಲಿ ಸೀತೆ ಹೆತ್ತದ್ದು ಲವನೊಬ್ಬನನ್ನೇ. ಅವಳು ಮಗುವನ್ನು ಎತ್ತಿಕೊಂಡು ನೀರಿಗೆ ಹೋಗಿರುತ್ತಾಳೆ. ಮಗು ಕಾಣದೆ ವಾಲ್ಮೀಕಿ ಗಾಬರಿಯಾಗಿ ದರ್ಭೆಯಿಂದ ಅದೇ ಥರದ ಇನ್ನೊಂದು ಮಗು ಮಾಡಿ ಮಲಗಿಸುತ್ತಾನೆ. ವಾಪಸ್ಸು ಬಂದ ಸೀತೆ ನೋಡುತ್ತಾಳೆ, ಕಂಕುಳಲ್ಲೊಂದು, ಚಾಪೆ ಮೇಲೊಂದು. ಎರಡನ್ನೂ ಸಾಕುತ್ತಾಳೆ.

ಈ ಕತೆಯನ್ನು ನಿಮ್ಮ ಶಾನುಭೋಗನ ತಾಯಿ ಮೊಮ್ಮಕ್ಕಳಿಗೆ ಹೇಳುತ್ತಿರಲಿ. ಬಾಗಿಲ ಹತ್ತಿರ ಅವನು ನಿಂತಿರಲಿ. ಮಕ್ಕಳಲ್ಲಿ ಒಂದು ಕೇಳಲಿ, ‘ಅಜ್ಜಿ, ಸೀತಮ್ಮನಿಗೆ ಯಾವುದು ತನ್ನದು ಅಂತ ಗೊತ್ತಿತ್ತಾ?’

ಅವಳ ಉತ್ತರ ನೀವು ಬರೆಯಿರಿ. ಮೊದಲ ಮೂರು ಅಧ್ಯಾಯ ತಿದ್ದಿ ಕಳಿಸಿ. ಟೈಪ್ ಮಾಡಿಸುವಾಗ ಅಕ್ಷರ ಸ್ವಲ್ಪ ದೊಡ್ಡದಿರಲಿ, ನನ್ನ ಕಣ್ಣು ಮೊದಲಿನ ಹಾಗಿಲ್ಲ.